ಹೊಸ್ತಿಲಿಗೆ ಕುಟ್ಟಿದ ಬಾಣ

ಇದು 2003ರಲ್ಲಿ ಕೋಡಿ ಎಂಬ ಊರಿನ ನಮ್ಮ ಮನೆಯಲ್ಲಿ, ಹಾಡಹಗಲೇ ನಡೆದದ್ದು. ಹೊಳೆಮೀನಿಗೆ ಹೊಡೆಯಲು ನಾನು ಕೆತ್ತಿದ ಬಾಣದ ಕಡ್ಡಿಗಳು ಬಳುಕುತ್ತಿದ್ದವು. ತೀರಿಹೋದ ಅಪ್ಪಯ್ಯ ಕಡ್ಡಿಯನ್ನು ಬಿಸಿಬೂದಿಯಲ್ಲಿ ಹೂತು ಗಡುಸು ಮಾಡಿ, ಹೊಸ್ತಿಲಿಗೆ ಕುಟ್ಟಿ ನೋಡುತ್ತಿದ್ದರು. ಟಣ್ ಎಂದರೆ ಹದ. ನಾನೂ ಆರು ಕಡ್ಡಿಗಳನ್ನು ಬಚ್ಚಲ ಒಲೆಯ ಬೂದಿಯಲ್ಲಿ ಹೂತು, ಅಂಗಳದಲ್ಲಿ ಮೀನು ಕೊಯ್ಯುತ್ತಿದ್ದ ಹೆಂಡತಿ ಬಾಗಿಯ ಹತ್ತಿರ ಕೂತೆ.

ಬಚ್ಚಲ ಕಡೆಯಿಂದ ಟಣ್ ಎಂದಿತು. ತುಸು ಬಿಟ್ಟು ಮತ್ತೊಂದು. ಹೀಗೆ ಐದು.

"ಹ್ವಾಯ್, ಒಳ್ಗ್ ಯಾರಿದ್ರ್?" ಎಂದಳು ಬಾಗಿ.

"ಇನ್ನೊಂದ್ ಬಾಕಿ ಇತ್ತ್. ಸುಮ್ನೆ ಕೂಕೋ," ಎಂದೆ. ಹೆದರಿಕೆಯಾಗಲಿಲ್ಲ, ಅಪ್ಪಯ್ಯನೇ ಬಂದು ಕುಟ್ಟಿ ನೋಡಿದಂತೆನಿಸಿ ಖುಷಿಯೇ ಆಯಿತು.

ಆರನೆಯ ಸದ್ದು ನಮ್ಮ ಬೆನ್ನ ಹಿಂದೆಯೇ, ಮುಂಬಾಗಿಲ ಹೊಸ್ತಿಲಲ್ಲಿ ಕೇಳಿತು. ತಿರುಗಿದರೆ ಅಲ್ಲೊಂದು ಕಡ್ಡಿ. ಮೈತುಂಬ ಬೂದಿ, ಮುಟ್ಟಿದರೆ ಹೊಳೆನೀರಿನಷ್ಟು ತಣ್ಣಗೆ.

ಹೋಗಿ ಒಲೆಯ ಬೂದಿ ಕೆದಕಿದೆ. ನಾನು ಹೂತ ಆರೂ ಅಲ್ಲೇ ಇದ್ದವು.