ಹಿನಾದೊ ಚೀಲ

“ದೊನಾಹೀ, ಇನ್ನೂ ಬಾಗಿಲ ಹತ್ರಾನೇ ಇದ್ದೀಯಾ? ಹೆಂಚು ಕಾದು ಕೆಂಪಗಾಯ್ತು, ಟೊಮೇಟೊ ಎಲ್ಲೇ?”

“ಹೊರಟೇ ಅಜ್ಜೀ!”

ಹೊರಟಿರಲಿಲ್ಲ. ಬಾಗಿಲ ಹಿಂದೆ ಕೂತು ದೊನಾಹಿ ಚೀಲವನ್ನು ಒಳಗು ಹೊರಗು ಮಾಡುತ್ತಿದ್ದಳು. ಗಟ್ಟಿ ಪ್ಲಾಸ್ಟಿಕ್ ಪಟ್ಟಿಗಳಿಂದ ಹೆಣೆದ ಚೀಲ. ಒಂದು ಮೂಲೆ ಒತ್ತಿದರೆ ಇನ್ನೊಂದು ಮೂಲೆ ಟಪ್ಪೆಂದು ಎದ್ದು ನಿಲ್ಲುತ್ತಿತ್ತು. ಮೊಣಕಾಲೂರಿ, ಹಲ್ಲು ಕಚ್ಚಿ, ಕೊನೆಗೂ ಅದನ್ನು ಮಗುಚಿದಳು.

ನಿನ್ನೆಯವರೆಗೆ ಈ ಕಷ್ಟವಿರಲಿಲ್ಲ. ಕೈ ಬೀಸಿಕೊಂಡು ಮಾರ್ಕೆಟ್ಟಿಗೆ ಹೋದರೆ ಸಾಕಿತ್ತು. ಟೊಮೇಟೊಗೊಂದು, ಮೆಣಸಿನಕಾಯಿಗೊಂದು ತೆಳು ಚೀಲ ಸಿಗುತ್ತಿತ್ತು. ಇವತ್ತಿನಿಂದ ಊರಲ್ಲೆಲ್ಲ ತೆಳು ಪ್ಲಾಸ್ಟಿಕ್ ಚೀಲ ಬಂದ್. ಮನೆಯಲ್ಲಿದ್ದ ದೊಡ್ಡ ಚೀಲವನ್ನು ಅಮ್ಮ ಬೆಳಗ್ಗೆಯೇ ತಮಾಲೆ ಕಡುಬು ಮಾರಲು ಒಯ್ದಿದ್ದಳು. ಆ ಚೀಲವಾದರೂ ಏನು ಸುಖ? ದೊನಾಹಿ ಹಿಡಿದರೆ ನೆಲ ಗುಡಿಸಿಕೊಂಡು ಬರುತ್ತಿತ್ತು. ಹಿಡಿಕೆಗೆ ಎರಡು ಗಂಟು ಹಾಕಿಕೊಳ್ಳಬೇಕಿತ್ತು.

ಉಳಿದಿದ್ದು ಇದೊಂದೇ. ಬಿಳಿ ಚೀಲ. ಅದರ ಮೇಲೆ ಹಸಿರು ಪಟ್ಟಿಯಲ್ಲಿ, ಅಂಗೈಯಗಲದ ಅಕ್ಷರಗಳಲ್ಲಿ ‘ದೊನಾಹಿ’ ಎಂದು ಹೆಣೆದಿತ್ತು.

ಹೆಸರು ಹೆಣೆದ ಚೀಲ ಅಂಗಡಿಯಲ್ಲಿ ಸಿಗುವುದಿಲ್ಲ. ಊರಾಚೆಯ ಜೈಲಿನಲ್ಲಿ ಗಂಡಸರು ದಿನವಿಡೀ ಚೀಲ ಹೆಣೆಯುತ್ತಾರೆ. ಮಾರುವ ಚೀಲಕ್ಕೆ ಹೂವು, ಗೆರೆ, ಹಕ್ಕಿ. ಹೆಸರು ಹಾಕುವುದು ಮನೆಯವರಿಗೆ ಮಾತ್ರ. ಅದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಹೆಸರಿನ ಚೀಲ ಹಿಡಿದು ಹೊರಟರೆ, ‘ನಮ್ಮವರೊಬ್ಬರು ಒಳಗಿದ್ದಾರೆ’ ಎಂದು ಬೀದಿಯಲ್ಲಿ ಡಂಗುರ ಸಾರಿದ ಹಾಗೆ.

ದೊನಾಹಿ ಕ್ಲಾಸಿನಲ್ಲಿ ಹೇಳಿದ್ದೇ ಬೇರೆ. “ನಮ್ಮಪ್ಪ ಉತ್ತರಕ್ಕೆ ಹೋಗಿದ್ದಾರೆ. ಗಡಿಯಾಚೆ, ಕೆಲಸಕ್ಕೆ.” ಅರ್ಧ ಕ್ಲಾಸಿನ ಅಪ್ಪಂದಿರು ಅಲ್ಲೇ ಇದ್ದುದರಿಂದ ಯಾರೂ ಮರುಪ್ರಶ್ನೆ ಹಾಕಿರಲಿಲ್ಲ. ಅಪ್ಪನ ಲಾರಿಯ ಆಕ್ಸಿಡೆಂಟು, ಪೊಲೀಸರು, ಕೋರ್ಟು, ಅದೆಲ್ಲ ಮನೆಯೊಳಗಿನ ಮಾತು.

ಹಿಂದಿನ ತಿಂಗಳು ಜೈಲಿಗೆ ನೋಡಲು ಹೋದಾಗ ಅಪ್ಪ ಒಂದು ಹಸಿರು ಪಟ್ಟಿ ಹಿಡಿದುಕೊಂಡು ಬಂದಿದ್ದ. ಅವಳ ಅಂಗೈಯಿಂದ ನೆಲದವರೆಗೆ ಅದನ್ನು ಇಳಿಬಿಟ್ಟು, “ಒಂದ್ನಿಮಿಷ ಅಲ್ಲಾಡ್ಬೇಡ ಪುಟ್ಟಿ” ಎಂದಿದ್ದ. ಪಕ್ಕದ ಬೆಂಚಿನವರೆಲ್ಲ ನೋಡುತ್ತಿದ್ದರು. ದೊನಾಹಿ ಸಿಡುಕಿ ಕೈ ಎಳೆದುಕೊಂಡಿದ್ದಳು.

ಈಗ ಮಾರ್ಕೆಟ್ಟಿಗೆ ಓಡುನಡಿಗೆ. ಒಳಗಿದ್ದ ಪಟ್ಟಿಗಳ ತುದಿಗಳು ಹೊರಗೆ ಬಂದು ಹೆಜ್ಜೆಹೆಜ್ಜೆಗೂ ಕಾಲಿಗೆ ಚುಚ್ಚುತ್ತಿದ್ದವು. ಬಲಗೈಯಿಂದ ಎಡಗೈಗೆ, ಎಡಗೈಯಿಂದ ಬಲಗೈಗೆ ಬದಲಾಯಿಸಿದಳು. ಯಾರಾದರೂ ಎದುರಾದರೆ ಚೀಲವನ್ನು ಬೆನ್ನ ಹಿಂದೆ ಸರಿಸಿದಳು.

ಮಾರ್ಕೆಟ್ಟು ಅಲ್ಲೋಲಕಲ್ಲೋಲ. ಒಬ್ಬಾತ ಹ್ಯಾಟು ಕಳಚಿ ಅದರಲ್ಲೇ ಮೆಣಸಿನಕಾಯಿ ತುಂಬಿಸಿಕೊಳ್ಳುತ್ತಿದ್ದ. ಒಬ್ಬಾಕೆ ದಿಂಬಿನ ಕವರು ತಂದಿದ್ದಳು.

“ಬಾ ನನ್ ರಾಣಿ!” ತರಕಾರಿ ಮಾರುವ ಒಫೆಲಿಯಾ ಆಂಟಿ ಕೂಗಿದಳು. “ನೀನಾದ್ರೂ ಚೀಲ ತಂದ್ಯಲ್ಲ. ಅಯ್ಯೋ, ಇದೇನಿದು? ಹೊಲಿಗೆ ಮೇಲೆ ಮಾಡಿ ಅಂಗಿ ಹಾಕ್ಕೊಂಡ ಹಾಗಿದೆ!”

“ಹಾಗೇ ಇರೋದು ಅದು. ಬೇಗ ಕೊಡಿ ಆಂಟಿ.”

ಆಂಟಿ ಟೊಮೇಟೊ ತೂಗಿ ಸುರಿದಳು. ಈರುಳ್ಳಿ, ನಿಂಬೆಹಣ್ಣು. ಮೇಲಿಂದ ಕೊಸರೆಂದು ಎರಡು ಟೊಮೇಟೊ, ಒಂದು ಹಿಡಿ ಕೊತ್ತಂಬರಿ. “ತೆಳು ಚೀಲ ಇದ್ದಾಗ ಹರಿದೀತು ಅಂತ ಹೆದರ್ತಿದ್ದೆ. ಇದಕ್ಕೆ ಎಷ್ಟು ಹಾಕಿದ್ರೂ ತಡ್ಯುತ್ತೆ. ಯಾರು ಹೆಣೆದಿದ್ದು?”

ದೊನಾಹಿ ಆಗಲೇ ತಿರುಗಿ ಹೊರಟಿದ್ದಳು.

ಮಾರ್ಕೆಟ್ಟಿನ ಬಾಗಿಲ ಬಳಿ ಬ್ರಿಸೈದಾ! ಕ್ಲಾಸಿನಲ್ಲಿ ಪಕ್ಕದಲ್ಲೇ ಕೂರುವವಳು. ಎರಡು ಕೈಯಲ್ಲೂ ಆವಕಾಡೊ ಹಣ್ಣು ಅಪ್ಪಿಕೊಂಡು ನಿಂತಿದ್ದಳು.

“ಏ ದೊನಾಹಿ, ನಿಲ್ಲೇ! ನಾನು ಚೀಲ ಮರ್ತೆ. ಹಣ್ಣು ಜಾರ್ತಿವೆ, ನಿನ್ನದರಲ್ಲಿ ಹಾಕ್ಕೋತೀಯಾ?” ಎನ್ನುತ್ತ ಚೀಲದ ಮೇಲೆ ಕಣ್ಣಾಡಿಸಿದಳು. “ಇದೇನೇ ಬರ್ದಿದೆ? ಹಿ... ನಾ... ದೊ. ಹಿನಾದೊ? ಯಾವ ಹೊಸ ಸೂಪರ್‌ಮಾರ್ಕೆಟ್ಟೇ ಅದು?”

“ಗೊತ್ತಿಲ್ಲ. ನಂಗೆ ಲೇಟಾಯ್ತು.”

ದೊನಾಹಿ ನುಸುಳಿಕೊಂಡು ಹೋಗಲು ನೋಡಿದಳು. ಚರ್ರ್ ಎಂದಿತು. ಪಟ್ಟಿಯೊಂದರ ತುದಿ ಬ್ರಿಸೈದಾಳ ಸ್ವೆಟರಿಗೆ ಸಿಕ್ಕಿಕೊಂಡಿತ್ತು.

“ಎಳೀಬೇಡ್ವೇ! ಸ್ವೆಟರ್ ಹರಿದ್ರೆ ನಮ್ಮಮ್ಮ ಕೊಂದೇ ಬಿಡ್ತಾಳೆ!”

ಇಬ್ಬರೂ ಅಲ್ಲೇ ಕುಕ್ಕರಿಸಿದರು. ಬ್ರಿಸೈದಾ ಆವಕಾಡೊಗಳನ್ನು ಚೀಲಕ್ಕೆ ಸುರಿದು, ಬಗ್ಗಿ ಎಳೆ ಬಿಡಿಸತೊಡಗಿದಳು. ಬಗ್ಗಿದವಳ ಕಣ್ಣು ಚೀಲದೊಳಗೆ ಹೋಯಿತು. ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಹಸಿರು ಅಕ್ಷರಗಳು ನೆಟ್ಟಗೆ ಕಾಣುತ್ತಿದ್ದವು.

ಅವಳ ಬೆರಳು ನಿಂತಿತು.

ದೊನಾಹಿ ಕೊತ್ತಂಬರಿಯನ್ನು ಅಕ್ಷರಗಳ ಮೇಲೆ ಸರಿಸಿದಳು.

“ಉತ್ತರದಲ್ಲೂ ಹೆಸರು ಹಾಕಿ ಹೆಣೀತಾರಾ?” ಬ್ರಿಸೈದಾ ತಲೆ ಎತ್ತದೆ ಕೇಳಿದಳು.

ಹೂಂ ಎಂದರೆ ಮುಗಿದುಹೋಗುತ್ತಿತ್ತು. ಹೂಂ ಬಾಯಿಯವರೆಗೆ ಬಂದೂ ಬಂತು.

“ಇಲ್ಲ,” ಎಂದಳು ದೊನಾಹಿ. “ಅಪ್ಪ ಉತ್ತರದಲ್ಲಿಲ್ಲ. ಇಲ್ಲೇ ಇದ್ದಾರೆ.”

ಬ್ರಿಸೈದಾ ಎಳೆಯನ್ನು ಮೆಲ್ಲಗೆ ಬಿಡಿಸಿದಳು. ಉಬ್ಬಿದ ನೂಲನ್ನು ಉಗುರಿನಿಂದ ಸ್ವೆಟರಿನೊಳಕ್ಕೆ ತಳ್ಳಿದಳು. ಆಮೇಲೆ, “ಸರಿ ಮಾಡ್ಕೊಳ್ಳೇ ಅದನ್ನ. ದಾರಿಯಲ್ಲಿ ಇನ್ನೆಷ್ಟು ಜನರ ಸ್ವೆಟರ್ ಕಿತ್ತು ಹಾಕ್ತೀಯ?” ಎಂದಳು.

ತರಕಾರಿಯನ್ನೆಲ್ಲ ಬ್ರಿಸೈದಾಳ ಮಡಿಲಿಗೆ ಸುರಿದು, ಇಬ್ಬರೂ ಸೇರಿ ಚೀಲ ಮಗುಚಿದರು. ಈ ಸಲ ಅದು ಒಂದೇ ಏಟಿಗೆ ಮಗುಚಿತು.

“ನನ್ನ ಹೆಸರು ಉದ್ದ. ಇಷ್ಟು ಚೀಲದಲ್ಲಿ ಹಿಡ್ಸಲ್ಲ, ಅಲ್ವಾ?”

“ಅಪ್ಪನ್ನ ಕೇಳ್ಬೇಕು,” ಎಂದಳು ದೊನಾಹಿ.

ತಿರುವಿನವರೆಗೆ ಚೀಲವನ್ನು ಬ್ರಿಸೈದಾಳೇ ಹೊತ್ತಳು. ಅವಳು ಎತ್ತರದ ಹುಡುಗಿ. ಚೀಲ ಅವಳ ಮೊಣಕಾಲಿಗೆ ಡಬ್ ಡಬ್ ಬಡಿಯುತ್ತಿತ್ತು. “ತಗೊಳ್ಳೇ ಮಾರಾಯ್ತಿ, ನಂಗಿದು ಗಿಡ್ಡ” ಎಂದು ಗೊಣಗಿ, ತನ್ನ ಆವಕಾಡೊ ಎತ್ತಿಕೊಂಡು ಮನೆ ಕಡೆ ಓಡಿದಳು.

ದೊನಾಹಿ ಹಿಡಿಕೆಗೆ ಗಂಟು ಹಾಕಲು ಹೋದಳು. ಅದೇ ಅಭ್ಯಾಸ.

ಗಂಟು ಬೇಕಿರಲಿಲ್ಲ. ಕೈ ಇಳಿಬಿಟ್ಟರೆ ತುಂಬಿದ ಚೀಲ ನೆಲದಿಂದ ಸರಿಯಾಗಿ ನಾಲ್ಕು ಬೆರಳು ಮೇಲಿತ್ತು. ಕಾಲಿಗೆ ತಾಗಲಿಲ್ಲ, ಮಣ್ಣಿಗೂ ತಾಗಲಿಲ್ಲ.

ಅವಳು ಕೈಯನ್ನು ಇನ್ನಷ್ಟು ನೆಟ್ಟಗೆ ಇಳಿಬಿಟ್ಟಳು. ಅಜ್ಜಿಯ ಕೂಗು ಬೀದಿಯವರೆಗೆ ಕೇಳುತ್ತಿತ್ತು. ಆದರೂ ಒಂದು ನಿಮಿಷ, ಹಸಿರು ಅಕ್ಷರಗಳು ಬೀದಿಗೆ ಕಾಣುವ ಹಾಗೆ, ದೊನಾಹಿ ಅಲ್ಲಾಡದೆ ನಿಂತಳು.