ನೊರೆಗೂಡಿನ ಮೇಲಿನ ದೀಪ

ಗಾಜಿನ ತೊಟ್ಟಿಯ ಮೇಲೆ ಅಂಗೈಯಗಲದ ದೀಪವೊಂದು ಹಸಿರಾಗಿ ಉರಿಯುತ್ತಿತ್ತು. ಕಣ್ಣಿಗೆ ಗೊತ್ತಾಗದಷ್ಟು ಬೇಗ ಅದು ಆರಿ ಹತ್ತುತ್ತದೆ. ಆ ಮಿಡಿತ ಕಣ್ಣಿನ ಮೂಲಕ ಮಿದುಳಿಗೆ ಇಳಿದು, ಸಿಟ್ಟೇಳಿಸುವ ನರಗಳನ್ನು ಮಲಗಿಸುತ್ತದೆ. ಅದರಡಿಯಲ್ಲಿ ಬೆಟ್ಟಾ ಜಾತಿಯ ನೀಲಿ ಗಂಡು ಮೀನೊಂದು ನಿಂತಿತ್ತು. ಕೆಂಪು ಸೀಗಡಿಯೊಂದು ಬಾಲದ ಮೇಲೇ ಹತ್ತಿ ಹೋದರೂ ಹೊರಳಲಿಲ್ಲ.

ತುಂಗಭದ್ರೆಯ ಎಡದಂಡೆ ಕಾಲುವೆ ಪಕ್ಕದ, ಬಣ್ಣದ ಮೀನು ಸಾಕುವ ಆ ಊರಿನಲ್ಲಿ ಬೆಟ್ಟಾಗೆ ಎಲ್ಲರೂ ಫೈಟರ್ ಎನ್ನುವುದು. ಎರಡು ಗಂಡು ಒಂದನ್ನೊಂದು ಕಂಡರೆ ಹರಿದುಕೊಳ್ಳುತ್ತವೆಂದು ಬಾಟಲಿಗೊಂದು ಮೀನು, ನಡುವೆ ರಟ್ಟು. ಸೀಗಡಿ ಹಾಕಿದರೆ ಸಂಜೆಯೊಳಗೆ ಅದರ ಮೀಸೆಯೂ ಉಳಿಯುತ್ತಿರಲಿಲ್ಲ. 2061ರಲ್ಲಿ ವಿಜ್ಞಾನಿ ಇಂದುಧರ ಪೂಜಾರ ಈ ದೀಪ ತಂದ ಮೇಲೆ ರಟ್ಟುಗಳು ಒಲೆಗೆ ಹೋದವು. ಪಾಚಿ ತಿನ್ನುವ ಸೀಗಡಿಗಳು ತೊಟ್ಟಿ ತೊಳೆಯುವ ಕೆಲಸವನ್ನೂ ಉಳಿಸಿದವು.

ಅಂದು ಬೆಳಿಗ್ಗೆಯಿಂದ ತೊಟ್ಟಿಯ ಒಡತಿ ಹುಲಿಗೆವ್ವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅಂಚು ಬಿಳಿಯಾದ ಈ ನೀಲಿ ತಳಿಯನ್ನು ಆರು ವರ್ಷ ಆರಿಸಿ ಆರಿಸಿ ಬೆಳೆಸಿದ್ದಳು. ಹೆಣ್ಣು ಮೊಟ್ಟೆಯಿಟ್ಟು ಒಂದು ದಿನವಾಗಿತ್ತು. ಗಂಡಿಗೆ ವಯಸ್ಸಾಗಿತ್ತು, ಇನ್ನೊಂದು ಸಲದ ಮಾತಿರಲಿಲ್ಲ. ಅದು ಬಾಯಿಂದ ಗುಳ್ಳೆ ಊದಿ ನೀರಿನ ಮೇಲೆ ಕಟ್ಟಿದ್ದ ನೊರೆಗೂಡಿನ ತುಂಬ ನಿನ್ನೆ ಮೊಟ್ಟೆಗಳಿದ್ದವು. ಇವತ್ತು ಅಲ್ಲಲ್ಲಿ. ಮರಿ ಮಾಡಿಸುವ ತೊಟ್ಟಿಗೆ ಬೇರೆ ಜೀವ ಬಿಡಬಾರದೆಂಬ ಹಳೆಯ ಕಟ್ಟಳೆಯನ್ನು ದೀಪದ ಭರವಸೆಯಲ್ಲಿ ಅವಳೂ ಮುರಿದಿದ್ದಳು.

“ತಾಸಿಗೆ ಹತ್ತ ಸಲ ನೋಡ್ತಿ. ಮೀನಿಗೇ ನಾಚ್ಕಿ ಬರಾಕತ್ತೈತಿ,” ಎಂದ ಗಂಡ ಯಂಕಪ್ಪ.

“ಸುಮ್ಕಿರ್ರಿ. ಅಲ್ಲಿ ನೋಡ್ರಿ.”

ಸೀಗಡಿಯೊಂದು ನೊರೆಗೆ ತಲೆಕೆಳಗಾಗಿ ಜೋತುಬಿದ್ದು ಮೊಟ್ಟೆ ಕಿತ್ತು ಬಾಯಿಗಿಟ್ಟಿತು. ಇನ್ನೊಂದು ಮೊಟ್ಟೆ ಜಾರಿ ತಳಕ್ಕಿಳಿಯಿತು. ಹಿಂದೆಲ್ಲ ಗಂಡು ನುಗ್ಗಿ, ಬಾಯಲ್ಲಿ ಹಿಡಿದು ತಂದು ಗೂಡಿಗೆ ಸೇರಿಸುತ್ತಿತ್ತು. ಈಗ ನೋಡುತ್ತ ನಿಂತಿತು.

ಅಷ್ಟರಲ್ಲಿ ಇಂದುಧರ ತಿಂಗಳ ತಪಾಸಣೆಗೆ ಬಂದ. “ಏನಾರ ಜಗಳ ಐತೇನವ್ವಾ?”

“ಇಲ್ರೀ ಸರ. ಅದ ಚಿಂತಿ ಆಗೈತಿ.”

ಅವನು ಬಗ್ಗಿ ಬಹಳ ಹೊತ್ತು ನೋಡಿದ. “ಸಿಟ್ಟಿನ ನರ ಬ್ಯಾರೆ, ಮರಿ ಕಾಯೋ ನರ ಬ್ಯಾರೆ ಅಂತ ತಿಳ್ಕೊಂಡಿದ್ದೆ...”

“ನಾಕು ಹಡದೀನ್ರಿ. ನನ್ನ ಕೇಳಿದ್ರ ಹೇಳ್ತಿದ್ದೆ.”

“ಆ ಸಿಟ್ಟೆಲ್ಲಾ ನನ್ನ ಮ್ಯಾಲ ತೀರಿಸ್ಯಾಳ್ರಿ ಸರ,” ಎಂದ ಯಂಕಪ್ಪ.

ಹುಲಿಗೆವ್ವ ಸ್ವಿಚ್ಚಿಗೆ ಕೈ ಹಾಕಿದಳು.

“ತಡೀರಿ! ಒಮ್ಮಿಗೇ ಆರಿಸಿದ್ರ ಬೆದರಿ ತನ್ನ ಮೊಟ್ಟಿ ತಾನ ತಿನ್ನಬಹುದು. ಬಲೆ ಹಾಕಿ ಸೀಗಡಿ ತಗೀರಿ.”

“ಬಲೆ ಹಾಕಿದ್ರ ನೊರಿ ಒಡೀತೈತ್ರಿ. ಬಿದ್ದ ಮೊಟ್ಟಿ ಎತ್ತೋರು ಯಾರು?”

ದೀಪ ಆರಿತು. ಗಂಡು ನಡುಗಿತು, ಎರಡು ಸುತ್ತು ಸುತ್ತಿತು, ತಳಕ್ಕಿಳಿದು ಬಿದ್ದಿದ್ದ ಮೊಟ್ಟೆಯೊಂದನ್ನು ಬಾಯಿಗೆ ಹಾಕಿಕೊಂಡಿತು. ಹುಲಿಗೆವ್ವ ಸೆರಗು ಕಚ್ಚಿ ನಿಂತಳು. ಮೀನು ಮೇಲೇರಿತು, ಗೂಡಿನ ಕೆಳಗೆ ತಡೆದು, ಮೊಟ್ಟೆಯನ್ನು ನೊರೆಗೆ ಉಗುಳಿತು. ಮರುಕ್ಷಣ ಕಿವಿರು ಹರಡಿ ಸೀಗಡಿಯ ಮೇಲೆ ಎರಗಿತು.

“ಇದರ ಸಿಟ್ಟು ಸತ್ತಿತ್ತು ಅಂದ್ಕೊಂಡಿದ್ದೆ ನೋಡ್ರಿ,” ಎಂದಳು ಹುಲಿಗೆವ್ವ.

ಇಂದುಧರ ಗಾಜಿನ ಬಳಿ ಬೆರಳು ತಂದ. ಮೀನು ಅದರ ಮೇಲೂ ನುಗ್ಗಿತು.

“ದೂರ ಇರ್ರಿ ಸರ. ಮಕ್ಕಳ ತಂದಿ ಅದಾನ ಅಂವ.”

“ಈ ದೀಪ ಸಾಲಿಗೂ ಹಾಕೀರಂತಲ್ರೀ, ಹುಡುಗ್ರು ಬಡಿದಾಡಬಾರ್ದಂತ?” ಯಂಕಪ್ಪ ಕೇಳಿದ.

ಇಂದುಧರ ಗಾಜಿನ ಬಳಿಯಿಂದ ಬೆರಳು ಹಿಂದೆಗೆದ. ಮೂರು ಶಾಲೆಗಳಲ್ಲಿ ಆಗಲೇ ಹಾಕಿಯಾಗಿತ್ತು. ಜಗಳ ನಿಂತಿದೆಯೆಂದು ಮೇಷ್ಟ್ರುಗಳು ಬರೆದಿದ್ದರು. ಆಟದಲ್ಲಿ ಬಿದ್ದ ಮಗುವನ್ನು ಎತ್ತಲು ಯಾರಾದರೂ ಓಡಿದರೇ ಎಂದು ಅವನು ಕೇಳಿರಲಿಲ್ಲ.