ಹಲಗೆಯ ಆ ತುದಿ

ಮನೆಯಲ್ಲೇ ಒಬ್ಬನೇ ಮರಗೆಲಸ ಮಾಡುವವನು ನಾನು. ಹಲಗೆಯ ಅಂಚು ಕೆತ್ತಲೆಂದು ಒಬ್ಬ ಮುದಿ ಬಡಗಿಯಿಂದ ಹಳೆಯ ರೂಟರ್ ಟೇಬಲ್, ಅಂದರೆ ಕೆತ್ತುವ ಯಂತ್ರ ಕೂರಿಸಿದ ಮೇಜು, ಕೊಂಡುತಂದೆ.

“ಉದ್ದದ ಹಲಗೆಗೆ ಆ ಕಡೆ ಹಿಡಿಯೋಕೆ ಒಬ್ಬರು ಬೇಕು. ನನ್ನವಳು ಇರೋ ತನಕ ಹಿಡೀತಿದ್ದಳು,” ಅಂದಿದ್ದ.

“ನನಗೆ ಹಿಂದೆ ಮುಂದೆ ಯಾರೂ ಇಲ್ಲ,” ಅಂದಿದ್ದೆ.

ಮರುದಿನ ಮಧ್ಯಾಹ್ನ ಎಂಟಡಿ ಹಲಗೆ ತಳ್ಳಿದೆ. ಮುಕ್ಕಾಲು ಪಾಲು ಮೇಜು ದಾಟಿದರೂ ತುದಿ ಬಾಗಲಿಲ್ಲ. ಯಂತ್ರ ಆರಿಸಿ ಕೈಬಿಟ್ಟೆ. ಹಲಗೆ ಹಾಗೇ ಮಟ್ಟಸವಾಗಿ ನಿಂತಿತ್ತು. ಆಚೆ ಹೋಗಿ ಅದರಡಿ ಮುಟ್ಟಿದರೆ ನಾಲ್ಕು ಬೆರಳಗಲ ಬೆಚ್ಚಗಿತ್ತು. ಹೆದರಲಿಲ್ಲ ಎಂದರೆ ಸುಳ್ಳಾದೀತು. ಆದರೂ ವಾರವಿಡೀ ಉದ್ದದ ಹಲಗೆಗಳನ್ನೇ ತಂದೆ.

ಎಂಟನೆಯ ದಿನ ಹಲಗೆ ಮೇಜು ದಾಟುತ್ತಿರುವಾಗ ಮುದುಕನ ಫೋನು ಬಂತು. ಯಂತ್ರ ನಿಲ್ಲಿಸಿದೆ.

“ಟೇಬಲ್ ವಾಪಸ್ ಕೊಡ್ತೀರಾ? ಮನೆ ಬಿಕೋ ಅಂತಿದೆ.”

“ಮಾರಿಬಿಟ್ಟೆ,” ಅಂದೆ.

ಹಲಗೆಯ ಆ ತುದಿ ಮೆಲ್ಲಗೆ, ಸದ್ದಿಲ್ಲದೆ ನೆಲಕ್ಕಿಳಿಯಿತು.